ಉಮ್ಮನ ಸಾಮಾನು ಹೊತ್ತ ವಿಮಾನ

ಮೆಲ್ಕಾರಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬರುವವರೆಲ್ಲ ‘ಸಣ್ಣ ಪ್ರಾಬ್ಲಮ್ ಉಂಟು’ ಎನ್ನುತ್ತಲೇ ಬರುತ್ತಾರೆ. ಚಹಾ ಕುಡಿದ ಲ್ಯಾಪ್‌ಟಾಪು, ಇರುವೆ ಸಂಸಾರ ಹೂಡಿದ ಪ್ರಿಂಟರು, ಮಹಡಿಯಿಂದ ಕೆಳಗೆ ಬಿದ್ದ ಮಾನಿಟರು, ಅವರ ಲೆಕ್ಕದಲ್ಲಿ ಎಲ್ಲವೂ ಸಣ್ಣ ಪ್ರಾಬ್ಲಮ್ಮೇ. ಯಂತ್ರ ತಾನಾಗಿ ಕೆಡುವುದಿಲ್ಲ, ಯಾರೋ ಏನೋ ಮಾಡಿರುತ್ತಾರೆ ಎನ್ನುವುದು ನನ್ನ ಗಟ್ಟಿ ನಂಬಿಕೆ. ಅದನ್ನು ಗಿರಾಕಿಗಳ ಮುಖಕ್ಕೇ ಹೇಳುವ ಅಭ್ಯಾಸವೂ ಇದೆ. ಹಾಗಾಗಿ ಅಂಗಡಿಗೆ ಬರುವವರು ನನ್ನ ಕೆಲಸವನ್ನು ಹೊಗಳುತ್ತಾರೆ, ನನ್ನನ್ನು ಹೊಗಳುವುದಿಲ್ಲ.

ಆ ವರ್ಷ ಗಲ್ಫಿನಲ್ಲಿದ್ದ ನನ್ನ ತಂಗಿ ಬಸುರಿಯಾದಳು. ನಮ್ಮ ಬ್ಯಾರಿಗಳ ಮನೆಗಳಲ್ಲಿ ಚೊಚ್ಚಲ ಹೆರಿಗೆ ತಾಯಿಯ ಮನೆಯಲ್ಲೇ ಆಗಬೇಕು. ಆದರೆ ಅಲ್ಲಿನ ಡಾಕ್ಟರು ಪ್ರಯಾಣ ಬೇಡವೆಂದುಬಿಟ್ಟರು. ಮಗಳು ಬರಲಾಗದಿದ್ದರೆ ತಾಯಿಯೇ ಹೋಗಬೇಕು. ತಂಗಿಯ ಗಂಡ ಉಮ್ಮನಿಗೆ ಟಿಕೆಟ್ ಮಾಡಿಸಿ ಕಳಿಸಿಯೂ ಬಿಟ್ಟ. ಉಮ್ಮ ಟಿಕೆಟ್ಟಿನ ಮೇಲೊಮ್ಮೆ ಕಣ್ಣಾಡಿಸಿ, “ನನಗೆ ವಿಮಾನ ಅಂದ್ರೆ ಹೆದರಿಕೆ. ಅಲ್ಲಿಯೇ ಯಾರನ್ನಾದ್ರೂ ಇಟ್ಟುಕೊಳ್ಳಲಿ” ಅಂದರು. ಮನೆಯಲ್ಲಿ ನಮ್ಮ ಮಾತು ಬ್ಯಾರಿ, ನೆರೆಯವರ ಜೊತೆ ತುಳು. ಓದುವವರಿಗೆ ಸುಲಭವಾಗಲೆಂದು ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತಂಗಿ ಫೋನಿನಲ್ಲಿ ಅತ್ತಳು. ಪರದೇಶದಲ್ಲಿ ಚೊಚ್ಚಲ ಹೆರಿಗೆ, ಪಕ್ಕದಲ್ಲಿ ತಾಯಿಯಿಲ್ಲ ಎಂದರೆ ಹುಡುಗಿಯ ಗತಿಯೇನು? ಉಮ್ಮನನ್ನು ಹೇಗಾದರೂ ಮಾಡಿ ವಿಮಾನ ಹತ್ತಿಸಬೇಕೆಂದು ನಿಶ್ಚಯಿಸಿದೆ. ಆದರೆ ನಾನೂ ವಿಮಾನ ಹತ್ತಿದವನಲ್ಲ. ಏನೆಂದು ಧೈರ್ಯ ಹೇಳಲಿ?

ಸರಿಯಾಗಿ ಅದೇ ಹೊತ್ತಿಗೆ ವಿಮಾನ ಹಾರಿಸುವ ಹೊಸ ಕಂಪ್ಯೂಟರ್ ಆಟವೊಂದು ಬಿಡುಗಡೆಯಾಗುವುದಿತ್ತು. ಇಡೀ ಭೂಮಿಯೇ ಅದರೊಳಗಿದೆ, ನಿಮ್ಮ ಮನೆಯ ಮಾಡು ಕೂಡ ಕಾಣುತ್ತದೆ ಎಂದು ಜಾಹೀರಾತಿನಲ್ಲಿ ಕೊಚ್ಚಿಕೊಂಡಿದ್ದರು. ಉಮ್ಮನನ್ನು ಅದರ ಮುಂದೆ ಕೂರಿಸಿ ಸಲೀಸಾಗಿ ಹಾರಿಸಿ, ಸಲೀಸಾಗಿ ಇಳಿಸಿ ತೋರಿಸಿದರೆ ಹೆದರಿಕೆ ಹೋದೀತು ಎಂದು ನನ್ನ ಉಪಾಯ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಬಲವಾದ ಕಂಪ್ಯೂಟರನ್ನು ಮನೆಗೆ ಹೊತ್ತುಕೊಂಡು ಬಂದು ಚಾವಡಿಯಲ್ಲಿ ಇಟ್ಟೆ.

ಬಿಡುಗಡೆಯ ದಿನ ಪಕ್ಕದ ಮನೆಯ ಅಕ್ಕನೂ ಬೀಡಿಯ ಮೊರ ಹಿಡಿದುಕೊಂಡು ಬಂದರು. ಅವರೂ ಉಮ್ಮನೂ ಎಷ್ಟೋ ವರ್ಷಗಳಿಂದ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ನಾನು ಆಟ ಶುರು ಮಾಡಿದೆ. ಜಗತ್ತಿನ ಜನರೆಲ್ಲ ಒಟ್ಟಿಗೇ ನುಗ್ಗಿದ್ದಾರೆ, ದಯವಿಟ್ಟು ಸಾಲಿನಲ್ಲಿ ಕಾಯಿರಿ ಎಂಬ ಬರಹ ಬಂತು. ಕಾದೆವು. ಆಮೇಲೆ ನೀಲಿ ಗೆರೆಯೊಂದು ತೆವಳುತ್ತಾ ಹೊರಟು, ಶೇಕಡಾ ತೊಂಬತ್ತೇಳಕ್ಕೆ ಬಂದು ಅಲ್ಲಿಯೇ ಬೇರು ಬಿಟ್ಟಿತು.

“ಏನಾಯ್ತು?” ಉಮ್ಮ ಕೇಳಿದರು.

“ಈಗ ಬರ್ತದೆ.”

ಅಕ್ಕ ಬೀಡಿಗೆ ನೂಲು ಸುತ್ತುತ್ತಾ, “ನಮ್ಮ ಸಿದ್ಧಕಟ್ಟೆ ಬಸ್ಸಿಗಿಂತಲೂ ತಡ ಆಯ್ತಲ್ಲ ಇದು” ಅಂದರು. ಇಬ್ಬರೂ ಆ ದಿನದ ಬೀಡಿಯನ್ನೆಲ್ಲ ಕಟ್ಟಿ ಮುಗಿಸಿ ಎದ್ದರು. ಗೆರೆ ಮಾತ್ರ ಇದ್ದಲ್ಲೇ ಇತ್ತು.

ಮರುದಿನ ಆಟದ ಒಳಗೆ ಬಿಟ್ಟರು. ಒಳಗೆ ಹೋದ ಮೇಲೆ, ಹೊರಗೇ ಇದ್ದಿದ್ದರೆ ಒಳ್ಳೆಯದಿತ್ತು ಅನಿಸಿತು. ಆಕಾಶ ನೇರಳೆ ಬಣ್ಣಕ್ಕೆ ತಿರುಗಿತ್ತು. ಮೊದಲು ನಮ್ಮೂರನ್ನೇ ತೋರಿಸೋಣವೆಂದು ಹೋದರೆ ಮೆಲ್ಕಾರಿನ ಅಂಗಡಿಗಳೆಲ್ಲ ಬಿಸಿಲಿಗಿಟ್ಟ ಬೆಲ್ಲದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಪಾಣೆಮಂಗಳೂರಿನ ಸೇತುವೆ ಹೊಳೆಯನ್ನು ದಾಟುವ ಬದಲು ಹೊಳೆಯೊಳಗೆ ಇಳಿದು ಮತ್ತೆ ಮೇಲೆದ್ದಿತ್ತು. ನಮ್ಮ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡವಂತೂ ಇರಲೇ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಗಲ್ಫಿನಿಂದ ಬಂದ ವಿಮಾನವೊಂದು ಉರುಳಿ ಬಿದ್ದು ಎಷ್ಟೋ ಜನ ತೀರಿಕೊಂಡ ಆ ಗುಡ್ಡದ ನೆತ್ತಿಯ ರನ್‌ವೇಯ ಬಗ್ಗೆ ಹಗುರವಾಗಿ ಮಾತಾಡಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ, ಅಲ್ಲಿಂದ ಆಟ ಆಡಲು ನನಗೆ ಮನಸ್ಸೂ ಇರಲಿಲ್ಲ. ಮರಳುಗಾಡಿನಲ್ಲಿ ಚಾಪೆ ಹಾಸಿದಂತೆ ಮಲಗಿದ ಒಂದು ಉದ್ದದ ರನ್‌ವೇಯನ್ನು ಆರಿಸಿ, ಅಭ್ಯಾಸಕ್ಕೆ ಇದು ಸಾಕು ಎಂದೆ.

ವಿಮಾನ ಕಾಣಿಸಿತು. ಅದಕ್ಕೆ ಚಕ್ರಗಳಿರಲಿಲ್ಲ. ಒಳಗೆ ಪೈಲಟ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಟೈ ಕಟ್ಟಿ, ನೆಟ್ಟಗೆ ಕೂತಿದ್ದ. ಕಾಲರಿನ ಮೇಲೆ ತಲೆ ಮಾತ್ರ ಇರಲಿಲ್ಲ.

ಉಮ್ಮ ಕನ್ನಡಕ ಸರಿ ಮಾಡಿಕೊಂಡರು. “ಮೋನೆ, ಡ್ರೈವರನಿಗೆ ತಲೆ ಇಲ್ಲ.”

“ಅದು ಸಣ್ಣ ಪ್ರಾಬ್ಲಮ್ ಉಮ್ಮ” ಅಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ನಾಚಿಕೆಯಾಯಿತು.

“ತಲೆ ಇದ್ದವರು ಬಸ್ಸು ಬಿಡುವುದೇ ನೋಡ್ಲಿಕ್ಕೆ ಆಗುವುದಿಲ್ಲ. ಇನ್ನು ಇವನ ಕಥೆ ಏನು?” ಎಂದು ಅಕ್ಕ ಕೇಳಿದರು. ಸಾಂತ್ವನ ಹೇಳಲೆಂದೇ ಆಡಿದ ಮಾತಾಗಿರಬೇಕು.

ಕಂಪನಿಯವರು ಎರಡು ದಿನ ಕ್ಷಮೆ ಕೇಳಿದರು, ಆಮೇಲೆ ತಿದ್ದುಪಡಿ ಕಳಿಸಿದರು. ಅದನ್ನು ಹಾಕಿಕೊಂಡ ಮೇಲೆ ಪೈಲಟನಿಗೆ ತಲೆ ಬಂತು, ವಿಮಾನಕ್ಕೆ ಚಕ್ರ ಬಂತು. ಆಕಾಶದ ನೇರಳೆ ಅರ್ಧದಷ್ಟು ಹೋಯಿತು. ಉಮ್ಮನನ್ನು ಕೂರಿಸಿ ಹಾರಿಸಿದೆ. ವಿಮಾನ ಎದ್ದಿತು, ಮರಳಿನ ಮೇಲೊಂದು ಸುತ್ತು ಹಾಕಿತು, ಕುಂಟುತ್ತಾದರೂ ಇಳಿಯಿತು. ಬೆನ್ನು ತಟ್ಟಿಯಾರು ಎಂದು ಹೆಮ್ಮೆಯಿಂದ ತಿರುಗಿದರೆ ಉಮ್ಮನ ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲ.

“ಇದರಲ್ಲಿ ಜನ ಉಂಟಾ?”

“ಇಲ್ಲ. ಖಾಲಿ.”

“ಖಾಲಿ ಟೆಂಪೋ ಘಾಟಿ ಹತ್ತುವುದು ಏನು ದೊಡ್ಡದು? ಜನ ಹಾಕು. ನನ್ನ ಸಾಮಾನೂ ಹಾಕು.”

ಉಮ್ಮನ ಸಾಮಾನಿನ ಬಗ್ಗೆ ಹೇಳಬೇಕು. ಹೋಗುವುದಿಲ್ಲ ಎಂದು ದಿನಾ ಹೇಳುತ್ತಿದ್ದ ಉಮ್ಮ ದಿನಾ ಗಂಟು ಕಟ್ಟುತ್ತಲೂ ಇದ್ದರು. ಬೆಳುವಾಯಿಯಿಂದ ತರಿಸಿದ ಕುಚ್ಚಲಕ್ಕಿ, ಗಾಣದ ತೆಂಗಿನೆಣ್ಣೆ, ಹುರುಳಿ, ಒಣಸಿಗಡಿ, ಹಲಸಿನ ಹಪ್ಪಳ, ಹುರಿದು ಕುಟ್ಟಿದ ಮೆಣಸಿನ ಪುಡಿ, ಅದರ ಮೇಲೆ ಬಾಣಂತಿ ಮದ್ದಿನ ಡಬ್ಬಗಳು. ತಂಗಿಗೆ ಯಾರ ಕೈಯಲ್ಲಾದರೂ ಕಳಿಸಲಿಕ್ಕೆ ಇರಬೇಕೆಂದು ನಾನು ಸುಮ್ಮನಿದ್ದೆ. ನಮ್ಮಲ್ಲಿ ಯಾರಾದರೂ ಗಲ್ಫಿಗೆ ಹೊರಟರೆ ಅವರ ಪೆಟ್ಟಿಗೆಯಲ್ಲಿ ಅವರದ್ದಕ್ಕಿಂತ ಊರಿನವರ ಸಾಮಾನೇ ಹೆಚ್ಚು ಇರುತ್ತದೆ.

ಆಟದಲ್ಲಿ ಭಾರ ತುಂಬಲು ಒಂದು ಪುಟವಿದೆ. ಯಾವ ಸೀಟಿನಲ್ಲಿ ಎಷ್ಟು ತೂಕ, ಡಿಕ್ಕಿಯಲ್ಲಿ ಎಷ್ಟು ತೂಕ ಎಂದು ಗೆರೆ ಎಳೆದು ಹೇಳಬೇಕು. ನಾನು ಉಮ್ಮನ ಪಾಲಿನದ್ದನ್ನು ಹಾಕಿದೆ.

“ಉಳಿದವರದ್ದು?” ಅಂದರು ಉಮ್ಮ. “ಎಲ್ಲ ನಮ್ಮ ಕಡೆಯವರೇ ಅಲ್ವಾ? ಅವರೇನು ಕೈ ಬೀಸಿಕೊಂಡು ಬರ್ತಾರಾ?”

“ನಮ್ಮ ಮೂಡುಬಿದಿರೆಯ ಭಾವ ಹೋಗುವಾಗ ಅರೆಯುವ ಕಲ್ಲು ತೆಗೆದುಕೊಂಡು ಹೋಗಿದ್ದಾರೆ” ಎಂದು ಅಕ್ಕ ಸಾಕ್ಷಿ ನುಡಿದರು.

ನನಗೆ ರೇಗಿತು. ಎಲ್ಲ ಗೆರೆಗಳನ್ನೂ ಕೊನೆಯ ತನಕ ಎಳೆದುಬಿಟ್ಟೆ. ಅಂಕಿಗಳು ಕೆಂಪಾದವು. ಆಕಾಶವೇ ನೇರಳೆಯಾಗುವ ಆಟದಲ್ಲಿ ಅಂಕಿ ಕೆಂಪಾದರೆ ಯಾರು ಕೇಳುತ್ತಾರೆ? ವಿಮಾನ ಹೊರಟಿತು. ಓಡಿತು, ಓಡಿತು, ಓಡುತ್ತಲೇ ಇತ್ತು. ರನ್‌ವೇ ಮುಗಿಯಿತು. ವಿಮಾನ ಮೂಗು ಕೂಡ ಎತ್ತದೆ ಮರಳಿಗೆ ಇಳಿದು, ಬೇಲಿಯನ್ನು ದಾಟಿ, ಬಹಳ ದೂರ ಹೋಗಿ ಒಂದು ಒಂಟೆಯ ಹತ್ತಿರ ನಿಂತಿತು. ಮತ್ತೆ ಪ್ರಯತ್ನಿಸಿದರೂ ಅದೇ ಮರಳು, ಅದೇ ಒಂಟೆ.

ತಪ್ಪು ಕಂಪನಿಯದ್ದೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ತಲೆಯಿಲ್ಲದ ಪೈಲಟನನ್ನು ಕಳಿಸಿದವರಿಗೆ ವಿಮಾನ ಎಬ್ಬಿಸಲು ಬಂದೀತೇ? ಆಟ ಆಡುವವರು ದೂರು ಹೇಳಿಕೊಳ್ಳುವ ಜಾಲತಾಣದಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಇಪ್ಪತ್ತು ವರ್ಷಗಳಿಂದ ಈ ಕಸುಬಿನಲ್ಲಿದ್ದೇನೆ, ಇಂಥ ದಂಡದ ಮಾಲನ್ನು ಕಂಡಿಲ್ಲ ಎಂದೆಲ್ಲ ಬೈದೆ. ಎರಡನೆಯ ತಿದ್ದುಪಡಿ ಬಂತು. ಆಕಾಶ ಪೂರ್ತಿ ನೀಲಿಯಾಯಿತು, ಪಾಣೆಮಂಗಳೂರಿನ ಸೇತುವೆ ನೀರಿನಿಂದ ಮೇಲೆ ಬಂತು. ನನ್ನ ವಿಮಾನ ಮಾತ್ರ ಒಂಟೆಯ ಸಹವಾಸ ಬಿಡಲಿಲ್ಲ. ಇನ್ನಷ್ಟು ಬೈದು ಬರೆದೆ.

ಯಾವುದೋ ದೇಶದ ಪುಣ್ಯಾತ್ಮನೊಬ್ಬ ಬಹಳ ವಿನಯದಿಂದ ಉತ್ತರ ಕೊಟ್ಟ: ‘ಸ್ವಾಮಿ, ನೀವು ಎಷ್ಟು ಭಾರ ತುಂಬಿದ್ದೀರಿ? ಆ ಪುಟದ ಚಿತ್ರ ಕಳಿಸುತ್ತೀರಾ?’ ಕಳಿಸಿದೆ. ಅವನು ನಗುವ ಮುಖವೊಂದನ್ನು ಹಾಕಿ, ವಿಮಾನ ಹೊರಬಹುದಾದದ್ದಕ್ಕಿಂತ ಎಷ್ಟೋ ಹೆಚ್ಚು ತುಂಬಿದ್ದೀರಿ, ಇದು ಹಡಗಿನ ಸರಕು ಎಂದು ಬರೆದ. ಜಗತ್ತಿನವರೆಲ್ಲ ಅದನ್ನು ಓದಿದರು. ಗಿರಾಕಿಗಳ ಮುಖಕ್ಕೆ ನಾನು ಹೇಳುವ ಮಾತನ್ನು ಅವನು ನನಗೆ ಹೇಳಲಿಲ್ಲವಲ್ಲ ಎಂಬುದಷ್ಟೇ ಸಮಾಧಾನ.

ಮುಖ ಸಣ್ಣ ಮಾಡಿಕೊಂಡು ಉಮ್ಮನಿಗೆ ವಿಷಯ ತಿಳಿಸಿದೆ. “ಆಟ ಸರಿ ಉಂಟು ಉಮ್ಮ. ಸಾಮಾನು ಹೆಚ್ಚಾಯ್ತು. ಕಡಿಮೆ ಮಾಡಿದ್ರೆ ಹಾರ್ತದೆ, ನೋಡಿ” ಎಂದು ಗೆರೆಗಳನ್ನು ಹಿಂದಕ್ಕೆಳೆದು ಹಾರಿಸಿಯೂ ತೋರಿಸಿದೆ. ತುಂಬಿದ ವಿಮಾನ ಲಕ್ಷಣವಾಗಿ ಎದ್ದಿತು.

ಉಮ್ಮ ಆ ಕಡೆ ನೋಡಲೇ ಇಲ್ಲ. ಎದ್ದು ಒಳಗೆ ಹೋದರು. ಹೋಗಿ ನೋಡಿದರೆ ನೆಲದಲ್ಲಿ ಕೂತು ಗಂಟುಗಳನ್ನು ಬಿಚ್ಚುತ್ತಿದ್ದರು. ಹಪ್ಪಳವನ್ನು ಬದಿಗಿಟ್ಟರು, ಹುರುಳಿಯನ್ನು ಬದಿಗಿಟ್ಟರು. ಅಕ್ಕಿಯ ಚೀಲಕ್ಕೆ ಬಂದಾಗ ಕೈ ನಿಂತಿತು.

“ಅಕ್ಕಿ ಇಲ್ಲದೆ ನಾನು ಹೋಗುವುದಿಲ್ಲ” ಅಂದರು.

“ಅಲ್ಲಿ ಅಕ್ಕಿ ಸಿಗ್ತದೆ ಉಮ್ಮ. ಕುಚ್ಚಲಕ್ಕಿಯೂ ಸಿಗ್ತದೆ.”

“ಸಿಗ್ತದೆ. ಯಾರ ಅಕ್ಕಿ? ಅಳಿಯನದ್ದು. ಅಳಿಯನ ಮನೆಯಲ್ಲಿ ತಿಂಗಳುಗಟ್ಟಲೆ ಕೂತು ಉಣ್ಣುವುದಾ ನಾನು? ನನ್ನ ಅನ್ನ ನಾನೇ ತೆಗೆದುಕೊಂಡು ಹೋಗುವ ಅಂತ ಇದ್ದೆ.”

ನಾನು ಬಾಗಿಲಲ್ಲೇ ನಿಂತೆ. ಇಷ್ಟು ದಿನ ಇಲ್ಲದ ಕಾಯಿಲೆಗೆ ಮದ್ದು ಕೊಡುತ್ತಿದ್ದೆನಲ್ಲ ಎಂದು ಒಮ್ಮೆಗೆ ಅರ್ಥವಾಯಿತು. ನಮ್ಮಲ್ಲಿ ಅಳಿಯ ಉಣ್ಣುವವನು, ಅತ್ತೆ ಉಣಿಸುವವಳು. ಅವನು ಬಂದನೆಂದರೆ ಮನೆಯಲ್ಲಿ ಹಬ್ಬ. ತುಪ್ಪದನ್ನ, ಪತ್ತಿರ್ ಎಂಬ ಅಕ್ಕಿರೊಟ್ಟಿ, ಕೋಳಿ, ಮೀನು, ಎಲ್ಲವೂ ಮೊದಲು ಅವನ ತಟ್ಟೆಗೆ. ಮದುವೆಯಾದಾಗಿನಿಂದ ಕೋಳಿಯ ಕಾಲು ಅವನಿಗೆ, ಕುತ್ತಿಗೆ ನನಗೆ. ಅವನು ಸಾಕು ಎಂದರೂ ಉಮ್ಮ ಬಡಿಸುವುದನ್ನು ನಿಲ್ಲಿಸಿದವರಲ್ಲ. ನಮ್ಮ ತಂದೆ, ಬಾಪ, ತೀರಿಕೊಂಡ ಮೇಲೆ ಬೀಡಿ ಕಟ್ಟಿದ ಕೈಯಿಂದಲೇ ಉಮ್ಮ ಈ ಮರ್ಯಾದೆಯನ್ನು ಒಂದು ದಿನವೂ ತಪ್ಪದೆ ನಡೆಸಿಕೊಂಡು ಬಂದಿದ್ದರು. ಈಗ ಅದೇ ಅಳಿಯನ ಮುಂದೆ ತಟ್ಟೆ ಹಿಡಿದು ಕೂರು ಎಂದರೆ ಹೇಗೆ ಕೂತಾರು? ವಿಮಾನದ ಹೆದರಿಕೆ ಬರೀ ನೆಪವಾಗಿತ್ತು. ಪಾಪ ಉಮ್ಮ, ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಕೋಳಿಯ ಕಾಲಿನ ಕಾರಣಕ್ಕೆ ತಂಗಿಯ ಗಂಡನ ಮೇಲೆ ನನಗೆ ಅಷ್ಟೇನೂ ಪ್ರೀತಿಯಿರಲಿಲ್ಲ. ಆದರೂ ಹಿತ್ತಿಲಿಗೆ ಹೋಗಿ ಅವನಿಗೇ ಫೋನು ಮಾಡಿದೆ.

“ಹೀಗೆ ಉಂಟು ಮಾರಾಯ. ಏನು ಮಾಡುವ?”

“ಮಾಮಿಗೆ ಕೊಡಿ” ಅಂದ ಅವನು. ವಿಡಿಯೋ ಹಾಕಿ ಉಮ್ಮನ ಕೈಗೆ ಕೊಟ್ಟೆ. ಉಮ್ಮ ತಲೆಯ ಮೇಲಿನ ಬಟ್ಟೆಯನ್ನು ಸರಿ ಮಾಡಿಕೊಂಡು ಗೋಡೆಗೊರಗಿ ಕೂತರು.

“ಮಾಮಿ, ಅಕ್ಕಿ ತರಬೇಡಿ” ಅಂದ ಅವನು, ಪೀಠಿಕೆ ಇಲ್ಲದೆ. “ತಂದ್ರೆ ನಾನು ಬೇಸರ ಮಾಡ್ತೇನೆ.”

“ಹಾಗಲ್ಲ ಮೋನೆ...”

“ಒಂದು ಮಾತು ಹೇಳ್ತೇನೆ. ನೀವು ಇಲ್ಲಿ ಬಂದು ನನ್ನ ಅನ್ನ ಉಣ್ಣದಿದ್ರೆ, ಇನ್ನು ಊರಿಗೆ ಬಂದಾಗ ನಾನು ನಿಮ್ಮ ಮನೆಯಲ್ಲಿ ನೀರು ಕೂಡ ಮುಟ್ಟುವುದಿಲ್ಲ.”

ಉಮ್ಮನ ಮುಖ ಬಿಳಚಿಕೊಂಡಿತು. ತಲೆಯಿಲ್ಲದ ಪೈಲಟನನ್ನು ಕಂಡಾಗಲೂ ಹಾಗೆ ಆಗಿರಲಿಲ್ಲ. ಅಳಿಯ ಬಂದು ಉಣ್ಣದೆ ಹೋದ ಮನೆ ಎಂದರೆ ನಮ್ಮ ಕೇರಿಯಲ್ಲಿ ತಲೆ ಎತ್ತಿಕೊಂಡು ನಡೆಯುವ ಹಾಗಿಲ್ಲ. ಫೋನು ನನ್ನ ಕೈಗೆ ಕೊಟ್ಟು ಬಹಳ ಹೊತ್ತು ಅಕ್ಕಿಯ ಚೀಲವನ್ನೇ ನೋಡಿದರು. ಆಮೇಲೆ ಅದರ ಬಾಯಿ ಬಿಚ್ಚಿ ಅಕ್ಕಿಯನ್ನು ಮನೆಯ ಡಬ್ಬಕ್ಕೆ ಸುರಿದು, ಮದ್ದಿನ ಡಬ್ಬಗಳನ್ನು ಮಾತ್ರ ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆಯಲ್ಲಿ ಅವರ ಬಟ್ಟೆಗಳಿಗೂ ಜಾಗವಾಯಿತು.

ಹೊರಡುವ ದಿನ ಜೀಪು ತುಂಬ ಜನ ಬಜ್ಪೆಗೆ ಹೋದೆವು. ಪಕ್ಕದ ಮನೆಯ ಅಕ್ಕ ಹಪ್ಪಳದ ಕಟ್ಟೊಂದನ್ನು ಪೆಟ್ಟಿಗೆಗೆ ಸೇರಿಸಲು ಕೊನೆಯ ಕ್ಷಣದವರೆಗೂ ಹೋರಾಡಿ ಸೋತರು. ಉಮ್ಮ ಬಾಗಿಲಿನಲ್ಲಿ ಪೊಲೀಸನಿಗೆ ಟಿಕೆಟ್ ತೋರಿಸಿ ಒಳಗೆ ಹೋದರು. ಹೆದರಿ ಬೆವರುತ್ತಿದ್ದವನು ನೆಲದಲ್ಲಿ ನಿಂತಿದ್ದ ನಾನು.

ಮರುದಿನ ಫೋನು ಬಂತು.

“ವಿಮಾನ ಹೇಗಿತ್ತು ಉಮ್ಮ?”

“ಎಂತ ವಿಮಾನ? ಕಿವಿ ಮುಚ್ಚಿತು, ಆಮೇಲೆ ಇಳಿಯಿತು.” ಆಮೇಲೆ ದನಿ ತಗ್ಗಿಸಿದರು. ಅಳಿಯ ಅಡುಗೆಮನೆಯಲ್ಲಿದ್ದ ಎಂದು ಕಾಣುತ್ತದೆ. “ಅವನೇ ಅನ್ನ ಮಾಡಿದ್ದ, ಎಣ್ಣೆಯಲ್ಲಿ ಮೀನು ಕಾಯಿಸಿದ್ದ. ನನ್ನನ್ನು ಕೂರಿಸಿ ಬಡಿಸಿದ. ನಾನು ಉಣ್ಣುವ ತನಕ ಅಲ್ಲೇ ನಿಂತಿದ್ದ.”

“ಉಂಡ್ರಾ?”

ಉಮ್ಮ ಹೇಳಿದರು: “ಸಾಕು ಅಂತ ಕೈ ಅಡ್ಡ ಹಿಡಿದೆ. ಅವನು ಕೇಳಲಿಲ್ಲ, ಮತ್ತೆ ಹಾಕಿದ. ಅದನ್ನೂ ಉಂಡೆ.”

ಆಚೆ ಕಡೆ ತಂಗಿ ನಗುತ್ತಿರುವುದು ಕೇಳಿಸಿತು. ಮೀನಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತಂತೆ, ಅದನ್ನು ಅವನಿಗೆ ಹೇಳಬೇಡ ಅಂದರು ಉಮ್ಮ.