ಎರಡು ತಂತಿ, ಎರಡು ತುದಿ

ಬೀದಿಯವರೆಲ್ಲ ಅವರನ್ನು ಕರೆಯುವುದು ಕೇಬಲ್ ಮಾವ ಎಂದೇ. ಅವರಿಗಿಂತ ಹಿರಿಯರೂ ಹಾಗೇ ಕರೆದು, ಆಮೇಲೆ ತಾವೇ ನಗುತ್ತಾರೆ. ಮೂವತ್ತೆಂಟು ವರ್ಷ ರಸ್ತೆಯಡಿಯ ಗುಂಡಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಟೆಲಿಫೋನ್ ತಂತಿ ಜೋಡಿಸಿದ ಮನುಷ್ಯ. ಆ ಕಸುಬಿನಲ್ಲಿ ಒಬ್ಬರೇ ಕೆಲಸ ಮಾಡುವಂತಿರಲಿಲ್ಲ. ಇವರು ಈ ತುದಿಯಲ್ಲಿದ್ದರೆ ಜೊತೆಗಾರ ಅರ್ಧ ಮೈಲಿ ಆಚೆ ಇನ್ನೊಂದು ತುದಿಯಲ್ಲಿ. ಒಂದೊಂದು ತಂತಿ ಕೂಡಿಸಿದಾಗಲೂ "ಕೇಳ್ತಾ?" ಎಂದು ಕೇಳಬೇಕು, ಆ ಕಡೆಯಿಂದ "ಕೇಳ್ತು" ಎಂದು ಬರಬೇಕು. ಅದು ಬರುವ ಮೊದಲೇ ಮುಂದಿನ ತಂತಿ ಮುಟ್ಟಿದವರಿಗೆ ಬೈಗುಳವೇ ಗತಿ.

ಆಮೇಲೆ ತಾಮ್ರದ ತಂತಿಯ ಜಾಗಕ್ಕೆ ಫೈಬರಿನ ಗಾಜಿನ ಎಳೆಗಳು ಬಂದವು. ತಾಮ್ರ ಮೂಲೆ ಸೇರಿತು, ಮಾವ ಮನೆ ಸೇರಿದರು. ಆದರೆ ಕೈ ಸುಮ್ಮನಿರಬೇಕಲ್ಲ! ಗಡಿಯಾರ ಬಿಚ್ಚಿದರು, ಮಿಕ್ಸಿ ಬಿಚ್ಚಿದರು, ಎರಡರಲ್ಲೂ ಒಂದೊಂದು ಸ್ಕ್ರೂ ಉಳಿಯಿತು. ತಾನಿನ್ನು ಯಾರಿಗೂ ಬೇಕಾಗಿಲ್ಲ ಎಂಬ ಕೊರಗು ಒಳಗೊಳಗೇ ಕೊರೆಯುತ್ತಿತ್ತು.

ಸೊಸೆ ಮನೆಯಲ್ಲೇ ಕೂತು ಸಿನಿಮಾ ಸಂಕಲನ ಮಾಡುವವಳು. ಹೆಂಡತಿ ಕಂಪ್ಯೂಟರಿನಲ್ಲೇ ಹೊಲಿಗೆ ಪಾಠ ಹೇಳಿಕೊಡುವವರು. ಇಬ್ಬರ ವಿಡಿಯೊಗಳೂ ಇರುವುದು ನಡುಮನೆಯ ಕಪಾಟಿನಲ್ಲಿರುವ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಅದರಿಂದ ರೂಟರಿಗೆ ಒಂದೇ ತಂತಿ. ಇಬ್ಬರೂ ಒಟ್ಟಿಗೆ ಕೂತರೆ ಅತ್ತೆಯ ಸೂಜಿ ಬಟ್ಟೆಯ ಮೇಲೇ ನಿಂತುಬಿಡುತ್ತಿತ್ತು, ಸೊಸೆಯ ನಾಯಕಿ ತೆರೆದ ಬಾಯಿ ಮುಚ್ಚುತ್ತಿರಲಿಲ್ಲ. ಆಗ ಎರಡೂ ಕೋಣೆಗಳ ಬಾಗಿಲು ಸ್ವಲ್ಪ ಜೋರಾಗಿಯೇ ಮುಚ್ಚಿಕೊಳ್ಳುತ್ತಿದ್ದವು.

ಪೆಟ್ಟಿಗೆಗೂ ರೂಟರಿಗೂ ಎರಡು ತಂತಿ ಹಾಕಿ, ಎರಡನ್ನೂ ಒಂದೇ ಎಂದು ಕಟ್ಟಿಹಾಕಬಹುದೆಂದು ಮಾವ ಎಲ್ಲೋ ಓದಿದರು. ಒಬ್ಬರ ಓಟ ಹೆಚ್ಚದಿದ್ದರೂ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರದೆ ಓಡಬಹುದು. ಇದು ತನ್ನದೇ ಕೆಲಸ ಎಂದು ಉಬ್ಬಿಹೋದರು.

ಅಂದೇ ಸಂಜೆ ಐದಕ್ಕೆ ಸೊಸೆ ಮೂರು ವಾರ ದುಡಿದ ಸಿನಿಮಾ ಒಪ್ಪಿಸಬೇಕಿತ್ತು. ಅವಳು ಊಟಕ್ಕೆ ಎದ್ದದ್ದೇ ತಡ, ಮಾವ ಎರಡನೇ ತಂತಿ ಸಿಕ್ಕಿಸಿದರು. ಮೊಬೈಲಿನಲ್ಲಿ ರೂಟರಿನ ಸೆಟ್ಟಿಂಗ್ ಪುಟ ತೆರೆದು, ತಂತಿಗಳು ಸಿಕ್ಕಿದ್ದ ಒಂದನೇ, ಎರಡನೇ ಕಿಂಡಿಗಳನ್ನು ಒಟ್ಟು ಮಾಡಿದರು. ಪರದೆಯಿಂದ ಪೆಟ್ಟಿಗೆಯೇ ಮಾಯ! ತಂತಿ ಕಿತ್ತರು, ಹಾಕಿದರು, ಊದಿದರು. ಏನೂ ಇಲ್ಲ. ಮೂರು ವಾರದ ದುಡಿಮೆ ತನ್ನ ಕೈಯಾರೆ ಹೋಯಿತು ಎಂದುಕೊಂಡರು.

ಅಡುಗೆಮನೆ ಬಾಗಿಲಿಗೆ ಹೋಗಿ ನಿಂತರು. "ಅಮ್ಮಾ, ಒಂದು ತಪ್ಪಾಯ್ತು."

ಸೊಸೆಯ ಮುಖ ಬಿಳುಚಿತು. ಆದರೂ ಕೈ ತೊಳೆದು ಬಂದು ಪಕ್ಕದಲ್ಲಿ ಕೂತಳು. "ಏನೇನ್ ಮಾಡಿದ್ರಿ ಮಾವ? ಒಂದೊಂದಾಗಿ ಹೇಳಿ."

"ತಂತಿ ಹಾಕ್ದೆ. ರೂಟರಿಗೆ ಎರಡೂ ಒಂದೇ ಅಂತ ಹೇಳ್ದೆ. ಈ ತುದಿ ಮುಗೀತು, ಆಮೇಲೆ..." ಮಾವ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಆ ತುದೀಲಿರೋ ಪೆಟ್ಟಿಗೆಗೆ ಹೇಳೇ ಇಲ್ಲ!"

ಪೆಟ್ಟಿಗೆಯ ಪಾಸ್‌ವರ್ಡ್ ಇದ್ದದ್ದು ಸೊಸೆಯ ಬಳಿ. ಅವಳು ತನ್ನ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಮಾವ ಒಂದು ತಂತಿ ಕಿತ್ತು, ಇನ್ನೊಂದನ್ನು ರೂಟರಿನಲ್ಲಿ ಒಟ್ಟು ಮಾಡಿರದ ನಾಲ್ಕನೇ ಕಿಂಡಿಗೆ ಹಾಕಿದರು. ಕೋಣೆಯಿಂದ ಸೊಸೆ ಕೂಗಿದಳು, "ಬಂತು ಮಾವ! ಎಲ್ಲಾ ಇದೆ!" ಮಾವನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಎರಡೂ ತಂತಿ ಒಂದೇ ಎಂದು ಅವಳು ಪೆಟ್ಟಿಗೆಗೂ ಹೇಳಿದಳು. ಮಾವ ಎರಡೂ ತಂತಿಗಳನ್ನು ಮೊದಲಿನ ಕಿಂಡಿಗಳಿಗೆ ಹಾಕಿದರು.

"ಕೇಳ್ತಾ?" ಎಂದು ನಡುಮನೆಯಿಂದ ಕೂಗಿದರು.

"ಏನ್ ಮಾವ?"

"ಕೇಳ್ತು ಅನ್ನಮ್ಮಾ. ಅಲ್ಲಿವರೆಗೂ ನಾನು ಏಳೋ ಹಾಗಿಲ್ಲ."

ಸೊಸೆ ಪರದೆಯಲ್ಲಿ ಎರಡೂ ತಂತಿಗಳನ್ನು ನೋಡಿಕೊಂಡಳು. ಆಮೇಲೆ, "ಕೇಳ್ತು! ಎರಡೂ ಕೇಳ್ತು!"

ಹೊಲಿಗೆ ಕೋಣೆಯಿಂದ ಹೆಂಡತಿಯ ದನಿ ಬಂತು. "ಊರಿಗೆಲ್ಲ ಫೋನ್ ಕೊಟ್ಟೋರು ಮನೇಲಿ ಹೀಗೆ ಅರಚ್ತೀರಲ್ರೀ! ನನ್ನ ಪಾಠ ನಡೀತಿದೆ." ಪಾಠ ನಡೆಯುತ್ತಿತ್ತು, ಸೂಜಿ ನಿಲ್ಲಲಿಲ್ಲ. ಅದೇ ಹೊತ್ತಿಗೆ ಸೊಸೆಯ ಸಿನಿಮಾವೂ ಓಡುತ್ತಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಸಿನಿಮಾ ಒಪ್ಪಿಸಿ ಆಯಿತು. ಸೊಸೆ ಎರಡು ಲೋಟ ಚಹಾ ಹಿಡಿದು ಬಂದು ಮಾವನ ಪಕ್ಕ ನೆಲದ ಮೇಲೇ ಕೂತಳು.

"ಇನ್ಮೇಲೆ ಒಬ್ರೇ ಮಾಡ್ಬೇಡಿ ಮಾವ. ಮೊದ್ಲೇ ಕರೀರಿ. ಆ ತುದಿಗೆ ನಾನಿರ್ತೀನಿ."

ಮಾವನ ಕಣ್ಣು ತುಂಬಿ ಬಂತು. ಚಹಾ ಊದುವ ನೆಪದಲ್ಲಿ ತಲೆ ತಗ್ಗಿಸಿದರು.

"ಕೇಳ್ತು," ಎಂದರು.