ಅರಳಿ ಗಿರಣಿಯ ಪಾಳಿಪಟ್ಟಿ

ಕನ್ನೊಳ್ಳಿ ರಸ್ತೆಯ ಮಗ್ಗುಲಿಗಿದ್ದ ಅರಳಿ ಗಿರಣಿಯಲ್ಲಿ, ಅಂದರೆ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ, ನಾನು ಐದು ವರ್ಷ ತೂಕದ ಗುಮಾಸ್ತನಾಗಿದ್ದೆ. ಬಂಡಿಗಳಲ್ಲಿ ಬಂದ ಹತ್ತಿಯನ್ನು ತೂಗಿಸಿಕೊಂಡು ಚೀಟಿ ಬರೆದುಕೊಡುವುದಷ್ಟೇ ಕೆಲಸ. ಒಳಗೆ ಹತ್ತಿಯಿಂದ ಕಾಳು ಬೇರ್ಪಡಿಸುವ ಯಂತ್ರಗಳು ಸಾಲಾಗಿ ನಿಂತಿದ್ದವು. ಅವುಗಳಿಗೆ ಹತ್ತಿ ಉಣಿಸುವವರು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಳೆಯ ಮ್ಯಾನೇಜರರು ಕಣ್ಣು ಮಂದವಾಗಿ ಕೆಲಸ ಬಿಟ್ಟಾಗ, ಸೊಲ್ಲಾಪುರದಲ್ಲಿದ್ದ ಮಾಲಕರು ಕಾರಿನಲ್ಲಿ ಬಂದು ನನ್ನನ್ನು ಮ್ಯಾನೇಜರರ ಕೋಣೆಗೆ ಕರೆದರು.

“ಇನ್ನ ಮ್ಯಾಲೆ ಈ ಖುರ್ಚಿ ನಿಂದು. ಮಷೀನ ಓಡಸೋದು ನಿನ್ನ ಕೆಲಸ ಅಲ್ಲ, ಓಡಸವ್ರನ್ನ ನಡಸೋದು ನಿನ್ನ ಕೆಲಸ. ಯಾರ್ನ ಎಲ್ಲಿ ಕೂಡ್ರಸಬೇಕು, ನಾಳೆ ಏನ ಆಗಬೇಕು, ಇವತ್ತಿಂದು ಯಾಕ ಆಗಲಿಲ್ಲ, ಇಷ್ಟ ವಿಚಾರ ಮಾಡು. ಮತ್ತ ಅವರ ಜೋಡಿ ಕುಂತು ಹರಟಿ ಹೊಡಿಬ್ಯಾಡ.”

ಆ ಕೊನೆಯ ಮಾತನ್ನು ನಾನು ಪಾಲಿಸಬೇಕಾಗಿಯೇ ಬರಲಿಲ್ಲ. ಅಂದು ಮಧ್ಯಾಹ್ನ ಎಂದಿನಂತೆ ರೊಟ್ಟಿಯ ಗಂಟು ಹಿಡಿದು ಇಂಜಿನ್ ಮನೆಗೆ ಹೋದೆ. ಇಂಜಿನ್ ನಡೆಸುವ ಉಸ್ತಾದರು ಯಂಕಂಚಿ ಕಡೆಯ ಮುಸ್ಲಿಂ ಮನೆತನದವರು, ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯರು. ಐದು ವರ್ಷ ಅವರ ಶೇಂಗಾ ಹಿಂಡಿ, ನನ್ನ ಮೊಸರು ಒಂದೇ ತಾಟಿನಲ್ಲಿ ಬೆರೆತಿದ್ದವು. ನನ್ನನ್ನು ಕಂಡದ್ದೇ ಅವರು ಎದ್ದುನಿಂತರು. ಹೆಗಲ ಮೇಲಿನ ಬಟ್ಟೆಯಿಂದ ಬೆಂಚು ಒರೆಸಿ, “ಕೂಡ್ರಿ ಸಾಹೇಬ್ರ,” ಎಂದರು. ನಗೆಚಾಟಿಕೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. ಅಲ್ಲಿದ್ದ ಮೂರ್ನಾಲ್ಕು ಜನ ತಲೆ ತಗ್ಗಿಸಿ ಬೇಗಬೇಗ ಉಂಡು ಎದ್ದರು. ಮೂರನೆಯ ದಿನದಿಂದ ಕೋಣೆಯಲ್ಲೇ ಉಂಡೆ. ಹೆಂಡತಿ ಬಾಗೇವಾಡಿಯಲ್ಲಿ ನನ್ನ ತಾಯಿಯ ಹತ್ತಿರ ಇದ್ದಳು. ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ನನ್ನ ವಾಸ. ಹೀಗಾಗಿ ಕೆಲಸದ ಮಾತು ಬಿಟ್ಟರೆ ಇಡೀ ದಿನ ನನ್ನೊಂದಿಗೆ ಮಾತಾಡುವವರೇ ಇಲ್ಲದಾದರು.

ಆ ವರ್ಷ ಹತ್ತಿ ಚಲೋ ಬಂದಿತ್ತು. ಬಂಡಿಗಳ ಸಾಲು ಗೇಟು ದಾಟಿ ರಸ್ತೆಗೆ ಇಳಿಯಿತು. ಒಂದೇ ಪಾಳಿಯಲ್ಲಿ ಮುಗಿಯುವ ಕೆಲಸವಲ್ಲವೆಂದು, ಬೆಳಕು ಹರಿದಾಗಿನಿಂದ ಮಧ್ಯಾಹ್ನದವರೆಗೆ ಒಂದು, ಅಲ್ಲಿಂದ ಹೊತ್ತು ಮುಳುಗುವವರೆಗೆ ಇನ್ನೊಂದು ಎಂದು ಎರಡು ಪಾಳಿ ಮಾಡಲು ನಿಶ್ಚಯಿಸಿದೆ. ನಾಲ್ಕು ದಿನ ಕೂತು, ರೂಳುಪಟ್ಟಿ ಹಿಡಿದು ಗೆರೆ ಎಳೆದು, ಪಟ್ಟಿ ಬರೆದೆ. ಯಾರ ಕೈ ಚುರುಕು, ಯಾರದು ನಿಧಾನ ಎಂಬುದು ನನಗೆ ಗೊತ್ತಿತ್ತು. ಚುರುಕಿನವರನ್ನು ಎರಡೂ ಪಾಳಿಗೆ ಸಮನಾಗಿ ಹಂಚಿದೆ. ಅಷ್ಟು ಅಚ್ಚುಕಟ್ಟಾದ ಕಾಗದವನ್ನು ನಾನು ಅದುವರೆಗೆ ಬರೆದಿರಲಿಲ್ಲ. ತೋರಿಸಲು ಯಾರೂ ಇರಲಿಲ್ಲ, ಒಬ್ಬನೇ ಎರಡು ಸಲ ಓದಿ ಖುಷಿಪಟ್ಟೆ.

ಹೆಣ್ಣುಮಕ್ಕಳನ್ನು ಅಂಗಳದಲ್ಲಿ ಸೇರಿಸಿ ಓದಿ ಹೇಳಿದೆ. ಯಾರೂ ಚಕಾರ ಎತ್ತಲಿಲ್ಲ. ಒಪ್ಪಿದರೆಂದುಕೊಂಡೆ.

ಹೊಸ ಪಾಳಿ ಶುರುವಾದ ನಾಲ್ಕನೆಯ ದಿನ ಹನ್ನೊಂದು ಜನ ಬರಲಿಲ್ಲ. ಮರುದಿನ ಅರ್ಧದಷ್ಟು ಯಂತ್ರಗಳು ಸುಮ್ಮನೆ ನಿಂತವು. ಬಂಡಿಯವರು ಗೇಟಿನಲ್ಲಿ ಕೂಗಾಡತೊಡಗಿದರು. ಎಷ್ಟು ತಲೆ ಕೆರೆದುಕೊಂಡರೂ ಪಟ್ಟಿಯಲ್ಲಿ ಐಬು ಕಾಣಲಿಲ್ಲ. ಕಡೆಗೆ ಇಂಜಿನ್ ಮನೆಗೆ ಹೋದೆ.

“ಉಸ್ತಾದ್ರ, ಯಾಕ ಬರವಲ್ರು ಅವರು?”

ಅವರು ಎಣ್ಣೆಯ ಕುಪ್ಪಿ ಕೆಳಗಿಟ್ಟರು. “ಪಟ್ಟಿ ಓದಿದ ದಿನಾನ ಗೊತ್ತಿತ್ರಿ, ಇದು ನಡಿಯೂದಿಲ್ಲ ಅಂತ.”

“ಮತ್ತ ಹೇಳಬಾರದಾಗಿತ್ತೇನ್ರಿ?”

“ನೀವು ಕೇಳಲಿಲ್ಲಲ್ರಿ. ಕೇಳದ ಮ್ಯಾನೇಜರಗ ಹೇಳೂದು ನನ್ನ ಕೆಲಸ ಅಲ್ರಿ ಸಾಹೇಬ್ರ.” ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. “ಅವರ ಮನಿಗಿ ಹೋಗಿ ಕೇಳ್ರಿ,” ಎಂದು ಮತ್ತೆ ಇಂಜಿನ್ನಿನತ್ತ ತಿರುಗಿದರು.

ಮರುದಿನ ಬೆಳಿಗ್ಗೆ ಕನ್ನೊಳ್ಳಿಗೆ ನಡೆದೆ. ಗಿರಣಿಯಲ್ಲಿ ಎಲ್ಲರಿಗಿಂತ ಚುರುಕು ಕೈಯ ಮುದುಕಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊದಲು ಮನೆಯಲ್ಲೇ ಉಳಿದವಳು ತಾನೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು.

“ನಮ್ಮ ಕೈ ನೋಡಿ ಪಾಳಿ ಮಾಡೀರಿ. ಹಾದಿ ಯಾರು ನಡೀಬೇಕ್ರಿ? ನನ್ನ ಸೊಸಿ ಸಂಜಿ ಪಾಳಿ, ನಾ ಮುಂಜಾನಿ ಪಾಳಿ. ಕತ್ತಲಾಗೂ ಹೊತ್ತಿಗಿ ಆ ಹಳ್ಳ ದಾಟಿ ಒಬ್ಬಾಕಿನ ಹೆಂಗ ಬರ್ತಾಳ್ರಿ? ನಮ್ಮ ಓಣ್ಯಾಗ ನಾಕ ಮಂದಿ ಅದೀವಿ, ನಾಕೂ ಮಂದಿನ ಚೆಲ್ಲಾಪಿಲ್ಲಿ ಮಾಡೀರಿ.”

“ಮತ್ತ ನೀನ ಹೇಳಬೇ, ಹೆಂಗ ಮಾಡೂಣು?”

ಆಕೆ ಇನ್ನೊಂದು ಮೊರ ಜೋಳ ತುಂಬಿಕೊಂಡಳು. ಯಾವ ಓಣಿಯವರು ಯಾವ ಓಣಿಯವರ ಜೊತೆ ಬರುತ್ತಾರೆ, ಯಾರಿಗೆ ಮೊಲೆ ಕುಡಿಯುವ ಕೂಸಿದೆ, ಯಾರು ಸಂಜೆಗೆ ಮನೆಯಲ್ಲಿರಲೇಬೇಕು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಾನು ನಾಲ್ಕು ದಿನ ತೆಗೆದುಕೊಂಡ ಕೆಲಸವನ್ನು ಆಕೆ ಒಂದು ಮೊರ ಜೋಳ ಹಸನಾಗುವಷ್ಟರಲ್ಲಿ ಮುಗಿಸಿದಳು. ನಾನು ಬರೆದುಕೊಂಡೆ. ಮರುದಿನ ಎಲ್ಲರೂ ಬಂದರು. ಯಂತ್ರಗಳೆಲ್ಲ ಒಟ್ಟಿಗೆ ಸದ್ದು ಮಾಡಿದಾಗ ಕೋಣೆಯ ಕಿಟಕಿಯ ಗಾಜು ನಡುಗಿತು.

ಆದರೆ ಯಂತ್ರ ನಿಂತ ಸುದ್ದಿ ಸೊಲ್ಲಾಪುರಕ್ಕೆ ಮುಟ್ಟಿತ್ತು. ಮಾಲಕರು ಬಂದವರೇ, “ಮದಲ ಮನ್ಯಾಗ ಕುಂತಾಕಿ ಯಾರು? ಆಕಿನ್ನ ಬಿಡಸು. ಇಲ್ಲಾಂದ್ರ ನಾಳೆ ಎಲ್ಲಾರೂ ಕೂಡ್ರತಾರ,” ಎಂದರು.

“ಪಟ್ಟಿ ತಪ್ಪಿತ್ರಿ. ಬರದಾಂವ ನಾ,” ಎಂದೆ.

“ನಾ ಕೇಳಿದ್ದು ಹೆಸರ.”

ಹೆಸರು ಹೇಳದೆ, ಹೊಸ ಪಟ್ಟಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಇನ್ನೊಮ್ಮೆ ಹೀಗಾದರೆ ಕುರ್ಚಿಗೆ ಬೇರೆಯವರು ಬರುತ್ತಾರೆ ಎಂದು ಹೇಳಿ ಹೊರಟುಹೋದರು. ಕಾರಿನ ಧೂಳು ಅಡಗಿದ ಮೇಲೆ ಪಟ್ಟಿಯನ್ನು ಮಡಚಿ ಖಾನೆಯಲ್ಲಿಟ್ಟೆ. ನಡೆದದ್ದನ್ನು ಯಾರಿಗೆ ಹೇಳಲಿ? ಮುದುಕಿಗೆ ಹೇಳಿದರೆ ಋಣದ ಭಾರ ಹೊರಿಸಿದಂತೆ. ಹೆಂಡತಿಗೆ ಬರೆದರೆ ಆಕೆಗೆ ಚಿಂತೆ.

ಅಂದಿನಿಂದ ದಿನಾ ಬೆಳಿಗ್ಗೆ ಯಂತ್ರಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ, ಏನಾದರೂ ಅಡಚಣೆ ಇದೆಯೇ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಅವರು ಹೇಳುತ್ತಿದ್ದರು. ಕೆಲಸ ಸುಸೂತ್ರ ನಡೆಯಿತು. ನಾನು ಮುಂದೆ ಸಾಗಿದ ಮೇಲೆ ಹಿಂದಿನಿಂದ ನಗು ಕೇಳಿಸುತ್ತಿತ್ತು. ತಿರುಗಿ ನೋಡಿದರೆ ನಿಂತುಬಿಡುತ್ತಿತ್ತು.

ಹಂಗಾಮು ಮುಗಿಯುವ ವಾರ ಉಸ್ತಾದರು ರಜೆ ಕೇಳಲು ಕೋಣೆಗೆ ಬಂದರು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಹೇಳಿದರು: “ಮಾಲಕರು ದೊಡ್ಡ ಮನಸಿನವ್ರು ನೋಡ್ರಿ. ಆ ಮುದಕಿನ್ನ ಬಿಡಸತಾರ ಅಂತ ಎಲ್ಲಾರೂ ಅಂದಕೊಂಡಿದ್ರು. ಬಿಡಸಲಿಲ್ಲ.”

“ಹೌದ್ರಿ,” ಎಂದೆ.

ಅವರು ಸಲಾಮು ಮಾಡಿ ಅಂಗಳಕ್ಕಿಳಿದರು. ಹತ್ತಿ ಕಡಿಮೆಯಾಗಿ ಸಂಜೆಯ ಪಾಳಿ ನಿಂತಿತ್ತು, ಹೊಲಗಳ ಮೇಲೆ ಇನ್ನೂ ಬಿಸಿಲಿತ್ತು. ನಾನು ರಜೆ ಅರ್ಜಿಗೆ ಸಹಿ ಮಾಡಿ, ಅಂಗಳದಲ್ಲಿ ಯಾರೂ ಉಳಿದಿಲ್ಲವೆಂದು ನೋಡಿಕೊಂಡು, ಗೇಟಿಗೆ ಕೀಲಿ ಹಾಕಲು ಎದ್ದೆ.