ಎರಡೂ ಎಡಗೈ ತೋಳು

ನೋವಿದ್ದವರ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಿರಬೇಕು ಎಂದು ಲೋಕ ತೀರ್ಮಾನಿಸಿಬಿಟ್ಟಿದೆ. ಅತ್ತಿಗೆಯ ಮುಖ ಹಾಗಿರಲಿಲ್ಲ, ಅದೇ ಅವಳಿಗೆ ಮುಳುವಾಯಿತು. ಕೋಟು ಹೊಲಿಸಲು ಬಂದವರ ಹೊಟ್ಟೆಯ ಸುತ್ತ ಟೇಪು ಹಿಡಿದು, "ಉಸಿರು ಬಿಡಿ ಸಾರ್, ಕೋಟು ಹಾಕ್ಕೊಂಡ ಮೇಲೂ ನೀವು ಉಸಿರಾಡಬೇಕಲ್ಲ" ಎಂದು ನಗಿಸುವ ಹೆಂಗಸಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹತ್ತಿಕೊಂಡಿದೆ ಎಂದರೆ ಯಾರು ನಂಬುತ್ತಾರೆ? ನಾದಿನಿಯಂತೂ ನಂಬಿರಲಿಲ್ಲ.

ನಾದಿನಿ ಅವಳ ಗಂಡನ ತಂಗಿ. ಇಬ್ಬರಿಗೂ ಒಂದೇ ಮನೆ, ಒಂದೇ ಅಂಗಡಿ. ಅತ್ತಿಗೆ ಬಟ್ಟೆ ಕತ್ತರಿಸುವವಳು, ನಾದಿನಿ ಮೆಷಿನ್ನಿನ ಮುಂದೆ ಕೂತು ಹೊಲಿಯುವವಳು. ಅಂಗಡಿಯ ಯಜಮಾನರನ್ನು ಊರೆಲ್ಲ ಮಾಸ್ಟರ್ ಎಂದೇ ಕರೆಯುತ್ತಿತ್ತು. ಕಣ್ಣು ಮಂಜಾಗತೊಡಗಿದಾಗ ಅವರು ಕತ್ತರಿಸುವ ಮೇಜನ್ನು ಅತ್ತಿಗೆಗೆ ಬಿಟ್ಟುಕೊಟ್ಟಿದ್ದರು. ಹೊಲಿಗೆಯವರಲ್ಲಿ ಇದು ಸಣ್ಣ ಮಾತಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಕತ್ತರಿ ತಪ್ಪಿದರೆ ದೇವರೇ ಬಂದರೂ ಬಟ್ಟೆ ಕೂಡಿಕೊಳ್ಳುವುದಿಲ್ಲ. ಆ ದೊಡ್ಡ ಕತ್ತರಿ ಅತ್ತಿಗೆಯ ಕೈಗೆ ಎಷ್ಟು ಒಗ್ಗಿತ್ತೆಂದರೆ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನಾದಿನಿ ಒಮ್ಮೆ ಅದರಲ್ಲಿ ಕಾಗದ ಕತ್ತರಿಸಿ ದಿನವಿಡೀ ಬೈಗುಳ ತಿಂದಿದ್ದಳು.

ಮೇಲಿನ ಅಟ್ಟಣಿಗೆಯಿಂದ ಬಟ್ಟೆಯ ಥಾನು ಇಳಿಸುವಾಗ ಅತ್ತಿಗೆ ಏಣಿ ಜಾರಿ ಬಿದ್ದದ್ದು ಹಳೆಯ ಕಥೆ. ಬೆನ್ನಿಗೆ ಆಪರೇಷನ್ ಆಯಿತು, ಮೂಳೆ ಕೂಡಿಕೊಂಡಿತು, ನರ ಮಾತ್ರ ಮುನಿಸು ಬಿಡಲಿಲ್ಲ. ಆಸ್ಪತ್ರೆಯ ನೋವಿನ ವಿಭಾಗದಲ್ಲಿ ಚೀಟಿ ಬರೆಸಿಕೊಂಡರೆ ಮಾತ್ರ ಸಿಗುವ ಮಾತ್ರೆ ಅವಳದು, ಬೆಳಿಗ್ಗೆ ಒಂದು, ಸಂಜೆ ಒಂದು. ಅಷ್ಟಕ್ಕೇ ಬಂಧುಬಳಗದವರ ಬಾಯಿಗೆ ಕೆಲಸ ಸಿಕ್ಕಿತು. ಬಂದವರೆಲ್ಲ ಚಹಾ ಕುಡಿಯುತ್ತಾ ಬುದ್ಧಿ ಹೇಳುವವರೇ. "ಅದೆಲ್ಲ ಗೀಳು ಹಿಡಿಸೋ ಮಾತ್ರೆ, ಮನಸ್ಸು ಗಟ್ಟಿ ಮಾಡ್ಕೊಂಡು ಬಿಟ್ಟುಬಿಡು" ಎಂದು ದೂರದ ಚಿಕ್ಕಪ್ಪ ಒಬ್ಬರು ಹೇಳಿದಾಗ ಅತ್ತಿಗೆ, "ಮೊದಲು ನೀವು ಮನಸ್ಸು ಗಟ್ಟಿ ಮಾಡ್ಕೊಂಡು ಕನ್ನಡಕ ಬಿಡಿ ಚಿಕ್ಕಪ್ಪ, ಆಮೇಲೆ ನಾನು ನೋಡ್ತೀನಿ" ಎಂದಳು. ಎಲ್ಲರೂ ನಕ್ಕರು. ನಾದಿನಿಯೂ ನಕ್ಕಳು. ಆದರೆ ಒಳಗೊಳಗೇ ಅವಳೂ ಚಿಕ್ಕಪ್ಪನ ಪಕ್ಷವೇ. ಗೆಳತಿಯರ ಮುಂದೆ ಅತ್ತಿಗೆಗೆ ಅವಳಿಟ್ಟಿದ್ದ ಹೆಸರು ಮಾತ್ರೆ ಮಹಾರಾಣಿ.

ಆ ವರ್ಷ ಚಳಿ ಜೋರಾಗಿತ್ತು. ಅತ್ತಿಗೆ ರಾತ್ರಿ ಮಲಗಲಾರದೆ ಗೋಡೆ ಹಿಡಿದು ನಿಲ್ಲುವುದನ್ನು ಕಂಡು ಗಂಡನೇ ಒತ್ತಾಯಿಸಿ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅತ್ತಿಗೆಗೆ ನಿದ್ದೆ ಬಂತು. ಹಗಲಲ್ಲೂ ಬಂತು. ಮಾತಿನ ನಡುವೆ ತಾನು ಏನು ಹೇಳಲು ಹೊರಟಿದ್ದೆನೆಂದು ಮರೆತು ಸುಮ್ಮನಾಗುತ್ತಿದ್ದಳು, ಗಿರಾಕಿಗಳನ್ನು ನಗಿಸುವುದು ನಿಂತಿತು. ಯಾರೂ ಅದನ್ನು ಗಮನಿಸಲಿಲ್ಲ. ನೋವು ಕಡಿಮೆಯಾಗಿದೆಯಲ್ಲ, ಇನ್ನೇನು ಬೇಕು ಎಂದುಕೊಂಡರು.

ಅಷ್ಟರಲ್ಲಿ ಒಂದು ವಾದ್ಯತಂಡದವರು ಕಡುಗೆಂಪು ಮಕಮಲ್ಲಿನ ಕೋಟುಗಳಿಗೆ ಹೇಳಿ ಹೋದರು. ಮಕಮಲ್ಲು ಸಾಧಾರಣ ಬಟ್ಟೆಯಲ್ಲ. ಅದಕ್ಕೆ ಮುಖ ಬೇರೆ, ಬೆನ್ನು ಬೇರೆ, ಮೇಲಿನ ನಯವಾದ ರೋಮ ಒಂದೇ ದಿಕ್ಕಿಗೆ ಹರಿಯುತ್ತದೆ. ಅದನ್ನು ಮಡಿಸಿ ಕತ್ತರಿಸಿದರೆ ಜಾರುತ್ತದೆಂದು ಒಂದೇ ಪದರ ಹಾಸಿ ಕತ್ತರಿಸುತ್ತಾರೆ. ಒಂದು ತೋಳು ಕತ್ತರಿಸಿದ ಮೇಲೆ ರಟ್ಟಿನ ಅಚ್ಚನ್ನು ಮಗುಚಿ ಇಟ್ಟು ಇನ್ನೊಂದು ತೋಳು ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಒಂದೇ ಕೈಯ ತೋಳುಗಳಾಗುತ್ತವೆ. ಕಲಿಯುವವರು ಮೊದಲ ವಾರ ಮಾಡುವ ತಪ್ಪು ಇದು.

ಅತ್ತಿಗೆ ಕತ್ತರಿಸಿ ಕಟ್ಟಿಟ್ಟ ತುಂಡುಗಳನ್ನು ತೆಗೆದು ನಾದಿನಿ ಮೊದಲ ಕೋಟಿಗೆ ಬಲತೋಳು ಕೂಡಿಸಲು ಹೋದಳು. ಬೆನ್ನಿನ ಕಡೆ ಬರಬೇಕಾದ ತೋಳಿನ ಉಬ್ಬು ಎದೆಯ ಕಡೆ ಬಂತು. ತಿರುಗಿಸಿ ನೋಡಿದಳು, ಇನ್ನೊಂದು ಕೋಟಿನ ತೋಳು ತೆಗೆದು ನೋಡಿದಳು, ಕಟ್ಟನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಎಲ್ಲವೂ ಎಡಗೈ ತೋಳುಗಳೇ. ಬಲಗೈಯೇ ಇಲ್ಲದ ಒಂದು ವಾದ್ಯತಂಡ ಅಲ್ಲಿ ಕೆಂಪಗೆ ಮಲಗಿತ್ತು. ಅತ್ತಿಗೆ ಬಂದು ನೋಡಿದಳು. ಒಂದು ತೋಳನ್ನು ಕೈಗೆತ್ತಿಕೊಂಡು ರೋಮವನ್ನು ಮೇಲಿಂದ ಕೆಳಕ್ಕೆ ಸವರಿ, "ನಾನೇನಾ ಇದನ್ನ ಕತ್ತರಿಸಿದ್ದು?" ಎಂದಳು.

ಮಾಸ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ತೆಗೆದು ತಮ್ಮ ಕುರ್ಚಿಯ ಹಿಂದಿನ ಮೊಳೆಗೆ ತೂಗುಹಾಕಿ, ತೋಳುಗಳನ್ನು ಹೊರಗಿನ ಒಬ್ಬ ಕಟಿಂಗಿನವನಿಂದ ಹೊಸದಾಗಿ ಕತ್ತರಿಸಿ ತರಿಸಿದರು. ಅತ್ತಿಗೆಗೆ ಗುಂಡಿ ಹಾಕುವ ಸ್ಟೂಲು ಸಿಕ್ಕಿತು. ಸಂಜೆ ಅವಳು ನಾದಿನಿಯ ಜೊತೆ ಮನೆಗೆ ಬಂದು ಬಾಗಿಲ ಬಳಿ ನಿಂತು, "ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀಯೇನೇ? ನಿಮ್ಮಣ್ಣ ಬೇಡ, ಅವರು ಹೆದರ್ಕೊಳ್ತಾರೆ" ಎಂದಳು.

ಡಾಕ್ಟರು ಮಿತಭಾಷಿ ಹೆಂಗಸು. "ನೋವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ಈಗ ಎಷ್ಟಿದೆ?" ಎಂದು ಕೇಳಿದರು.

"ಮೂರು."

"ಪ್ರಮಾಣ ಹೆಚ್ಚಿಸೋ ಮುಂಚೆ?"

"ಏಳು. ಕೆಲವು ದಿನ ಎಂಟು."

ನಾದಿನಿ ತಲೆ ಎತ್ತಿದಳು. "ಮಾತ್ರೆ ತಗೊಂಡ ಮೇಲೂನಾ ಅತ್ತಿಗೆ?"

"ತಗೊಂಡ ಮೇಲೇ ಕಣೇ. ಮಾತ್ರೆ ತಗೊಂಡ್ರೆ ನೋವು ಊರು ಬಿಟ್ಟು ಹೋಗಲ್ಲ. ಪಕ್ಕದ ರೂಮಿಗೆ ಹೋಗಿ ಕೂತ್ಕೊಳತ್ತೆ. ಅಲ್ಲಿಂದ ಕೂಗ್ತಾನೇ ಇರತ್ತೆ."

ಏಳು. ನಾದಿನಿ ಆ ಅಂಕಿಯನ್ನು ಹಿಡಿದುಕೊಂಡು ಹಿಂದಕ್ಕೆ ಹೋದಳು. ತನಗೆ ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಇಟ್ಟದ್ದು ಏಳರಲ್ಲಿ. ಬಸ್ಸಿನಲ್ಲಿ ಸೀಟು ಸಿಕ್ಕಾಗ "ನೀನು ಕೂರೇ, ನಾನು ದಿನವಿಡೀ ನಿಂತು ಅಭ್ಯಾಸ" ಎಂದದ್ದು ಏಳರಲ್ಲಿ. ಆ ಕನ್ನಡಕದ ಮಾತು, ಉಸಿರು ಬಿಡಿ ಸಾರ್ ಎಂಬ ತಮಾಷೆ, ಹಾಡಿಕೊಂಡು ಪಾತ್ರೆ ತೊಳೆದದ್ದು, ಎಲ್ಲವೂ ಏಳರಲ್ಲಿ, ಇಲ್ಲವೇ ಎಂಟರಲ್ಲಿ. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದು ತಾನು ಏನನ್ನು ನೋಡುತ್ತಿದ್ದೆ ಎಂದು ಅವಳಿಗೆ ದಿಗ್ಭ್ರಮೆಯಾಯಿತು. ಪಕ್ಕದ ಕುರ್ಚಿಯಲ್ಲಿ ಕೂತವಳು ಅವಳ ಕಣ್ಣಿಗೆ ಇದ್ದಕ್ಕಿದ್ದಂತೆ ಬಹಳ ದೊಡ್ಡವಳಾಗಿ ಕಂಡಳು.

"ಈಗ ಮೂರು ಅಂತೀರಿ. ಒಳ್ಳೇದೇ ಅಲ್ವಾ?" ಎಂದರು ಡಾಕ್ಟರು.

"ನೋವು ಮೂರೇ ಡಾಕ್ಟ್ರೇ. ಆದ್ರೆ ನಾನಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಎಷ್ಟಿದ್ರೆ ನಿಮಗೆ ಆಗತ್ತೆ?"

"ಐದು ಕೊಡಿ. ಐದಿದ್ರೆ ನನಗೆ ತಲೆ ಇರತ್ತೆ."

ಬೆಲೆ ಇಳಿಸಿ ಎಂದು ಚೌಕಾಸಿ ಮಾಡುವವರನ್ನು ನಾದಿನಿ ಅಂಗಡಿಯಲ್ಲಿ ದಿನಾ ನೋಡುತ್ತಿದ್ದಳು. ತನಗೆ ಬರುವ ನೋವನ್ನು ಏರಿಸಿ ಎಂದು ಚೌಕಾಸಿ ಮಾಡುವವಳನ್ನು ಅಂದೇ ಕಂಡದ್ದು. ಡಾಕ್ಟರು ಒಪ್ಪಿದರು, ಆದರೆ ಒಮ್ಮೆಲೇ ಅಲ್ಲ, ಸ್ವಲ್ಪಸ್ವಲ್ಪವಾಗಿ ಇಳಿಸಬೇಕೆಂದರು. "ಪೂರ್ತಿ ಬಿಡೋ ಯೋಚನೆ ಬೇಡ. ಯಾರಾದ್ರೂ ಗೀಳು ಅಂದ್ರೆ ನನ್ನ ಹತ್ರ ಕಳಿಸಿ. ನಿಮ್ಮ ದೇಹಕ್ಕೆ ಇದು ಒಗ್ಗಿದೆ, ನಿಮಗೆ ಇದು ಬೇಕು, ಅಷ್ಟೆ." ನಾದಿನಿ ನೆಲ ನೋಡಿದಳು. ಮಾತ್ರೆ ಮಹಾರಾಣಿ ಎಂಬ ಹೆಸರು ಇಟ್ಟವಳು ತಾನೇ.

ಇಳಿಸುವ ಕೆಲಸ ಹೇಳಿದಷ್ಟು ಸುಲಭವಾಗಿರಲಿಲ್ಲ. ಅತ್ತಿಗೆಗೆ ಚಳಿಯಲ್ಲೂ ಬೆವರು, ಮೂಗು ಸೋರುವುದು, ಆಕಳಿಕೆಯ ಮೇಲೆ ಆಕಳಿಕೆ, ಹಾಸಿಗೆಯಲ್ಲಿ ಕಾಲು ತಾನೇತಾನಾಗಿ ಒದೆಯುವುದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಕೈಯಿಂದ ಜಾರಿದ ಚಮಚಕ್ಕೂ ಬೈದಳು. ಅಣ್ಣ ಪಾಪ, ಏನು ಮಾಡಿದರೂ ತಪ್ಪಾಗುತ್ತದೆಂದು ಅಡುಗೆಮನೆ ಸೇರಿಕೊಂಡ. ನಾದಿನಿ ಕಾಲು ಒತ್ತುತ್ತಾ ಕೂರುತ್ತಿದ್ದಳು. ಒಂದು ದಿನ ಅತ್ತಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾ ಒಬ್ಬ ದಪ್ಪ ಗಿರಾಕಿಗೆ, "ಈ ಗುಂಡಿಗೆ ನಾನು ಎರಡೆಳೆ ಜಾಸ್ತಿ ಹಾಕಿದೀನಿ ಸಾರ್, ಎದುರಿಗೆ ಕೂತವರ ಕಣ್ಣು ಉಳೀಲಿ ಅಂತ" ಎಂದಳು. ಮೆಷಿನ್ನು ತುಳಿಯುತ್ತಿದ್ದ ನಾದಿನಿಯ ಕಾಲು ನಿಂತುಹೋಯಿತು. ಅತ್ತಿಗೆ ವಾಪಸು ಬಂದಿದ್ದಳು.

ಆ ವಾದ್ಯತಂಡದವರು ಇನ್ನಷ್ಟು ಕೋಟು ಬೇಕೆಂದು ಮತ್ತೆ ಬಂದರು. ಮಕಮಲ್ಲಿನ ಥಾನನ್ನು ಬಗಲಲ್ಲಿಟ್ಟುಕೊಂಡು ಮಾಸ್ಟರ್ ಹೊರಟು ನಿಂತರು. "ಹೊರಗಿನವನಿಗೇ ಕೊಡ್ತೀನಮ್ಮ. ಇನ್ನು ಮೇಲೆ ಅವನನ್ನೇ ಇಲ್ಲಿಗೆ ಕರೆದು ಮೇಜು ಕೊಟ್ಟುಬಿಡೋಣ ಅಂತಿದೀನಿ" ಎಂದರು, ಯಾರ ಮುಖವನ್ನೂ ನೋಡದೆ.

ಅತ್ತಿಗೆ ಸ್ಟೂಲಿನಿಂದ ಎದ್ದಳು. "ಒಂದೇ ಒಂದು ಕೋಟು ನನಗೆ ಕೊಡಿ ಮಾಸ್ಟರ್. ತಪ್ಪಿದ್ರೆ ನಾಳೆಯಿಂದ ಮೇಜಿನ ಮಾತೇ ಎತ್ತಲ್ಲ."

ಮಾಸ್ಟರ್ ಥಾನನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೊಳೆಯಿಂದ ಕತ್ತರಿ ತೆಗೆದು ಅವಳ ಮುಂದಿಟ್ಟರು.

ಅತ್ತಿಗೆ ಬಟ್ಟೆಯನ್ನು ಬೆನ್ನು ಮೇಲಾಗಿ ಹಾಸಿದಳು. ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಮೇಜು ಸೊಂಟದ ಮಟ್ಟದ್ದು, ಅಗಲವಾದದ್ದು, ಆಚೆ ಅಂಚು ಮುಟ್ಟಬೇಕಾದರೆ ಬೆನ್ನು ಪೂರ್ತಿ ಬಗ್ಗಬೇಕು. ಅವಳು ಬಗ್ಗಿದಳು. ಕುತ್ತಿಗೆಯ ಮೇಲೆ ಬೆವರು ಮೂಡಿತು, ಒಂದು ಕಾಲು ನೆಲದ ಮೇಲೆ ಸಣ್ಣಗೆ ನಡುಗಿತು. ಕೈ ನಡುಗಲಿಲ್ಲ. ಕತ್ತರಿ ಗೆರೆಯ ಮೇಲೆ ಎಲ್ಲೂ ತಡವರಿಸದೆ ಹೋಯಿತು. ಒಂದೇ ದೇಹದಲ್ಲಿ ಆ ಕಾಲೂ ಈ ಕೈಯೂ ಹೇಗಿವೆ ಎಂದು ನಾದಿನಿ ಬೆರಗಾಗಿ ನೋಡಿದಳು. ಮೊದಲ ತೋಳು ಬಂತು. ಅತ್ತಿಗೆ ಅಚ್ಚನ್ನು ಮಗುಚಿ ಇಟ್ಟಳು. ಎರಡನೆಯದೂ ಬಂತು. ಮಾಸ್ಟರ್ ಎರಡನ್ನೂ ಮುಖಕ್ಕೆ ಮುಖ ಸೇರಿಸಿ ಬೆಳಕಿಗೆ ಹಿಡಿದು, ಮಂಜುಗಣ್ಣಿಗೆ ಸಾಲದೆ ಅಂಚನ್ನೆಲ್ಲ ಬೆರಳಿಂದ ಸವರಿ ನೋಡಿದರು. "ಉಳಿದವನ್ನೂ ಕತ್ತರಿಸಿಬಿಡು" ಎಂದು ಕುರ್ಚಿಗೆ ಹೋಗಿ ಕೂತರು.

ನಾದಿನಿ ಮೇಜಿನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. "ಎಷ್ಟಿದೆ ಅತ್ತಿಗೆ ಈಗ?"

"ಏಳು."

"ಐದು ಅಂತ ಅಲ್ವಾ ಮಾತಾಡಿದ್ದು?"

"ಕೂತಿದ್ರೆ ಐದು. ಮೇಜಿನ ಮೇಲೆ ಬಗ್ಗಿದ್ರೆ ಏಳು. ಅದನ್ನ ಡಾಕ್ಟ್ರು ಕೇಳಲಿಲ್ಲ, ನಾನೂ ಹೇಳಲಿಲ್ಲ."

ನಾದಿನಿಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿ ಬಂತು, ಗಲ್ಲದ ಮೇಲೆ ಇಳಿಯಿತು.

"ಆಚೆ ಹೋಗಿ ಅಳೇ" ಎಂದಳು ಅತ್ತಿಗೆ, ಕೈಯಿಂದ ಅವಳನ್ನು ಮೇಜಿನಿಂದ ಹಿಂದಕ್ಕೆ ಸರಿಸುತ್ತಾ. "ಮಕಮಲ್ಲಿನ ಮೇಲೆ ನೀರು ಬಿದ್ರೆ ಕಲೆ ಹೋಗಲ್ಲ." ಮತ್ತೆ ಬಗ್ಗಿ ಮುಂದಿನ ಕೋಟಿಗೆ ಗೆರೆ ಎಳೆಯತೊಡಗಿದಳು.